ಬಾಡಿಗೆ ಮನೆಯ ನೋಟಿಸು: ಬರೆದರೆ ಸಾಲದು, ತಲುಪಬೇಕು

ಸಣ್ಣ ಊರುಗಳಲ್ಲಿ ಮನೆ ಬಾಡಿಗೆಯ ವ್ಯವಹಾರವು ಬಹುಮಟ್ಟಿಗೆ ಬಾಯಿ ಮಾತಿನ ಮೇಲೆಯೇ ನಡೆದುಬಂದಿದೆ. ಮುಂಗಡ ಹಣ ಕೈ ಬದಲಾಗುತ್ತದೆ, ಬೀಗದ ಕೈ ಕೈಸೇರುತ್ತದೆ, ತಿಂಗಳ ಮೊದಲ ವಾರದಲ್ಲಿ ಬಾಡಿಗೆ ಸಂದಾಯವಾಗುತ್ತದೆ. ಕರಾರು ಪತ್ರವೆಂಬುದು ಇದ್ದರೂ ಅದು ಬ್ಯಾಂಕಿಗೋ ಅಡುಗೆ ಅನಿಲದ ಸಂಪರ್ಕಕ್ಕೋ ಬೇಕಾಯಿತೆಂದು ಮಾಡಿಸಿದ ಕಾಗದ. ಈ ನಂಬಿಕೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ವ್ಯಾಪಾರದ ಬೇರು ಇರುವುದೂ ಅಲ್ಲಿಯೇ. ಆದರೆ ಇದೇ ನಂಬಿಕೆಯ ಕಾರಣದಿಂದ ನೋಟಿಸು ಎಂಬ ಪದ ಕಿವಿಗೆ ಬಿದ್ದೊಡನೆ ಮಾಲೀಕನಿಗೂ ಬಾಡಿಗೆದಾರನಿಗೂ ಅದು ಜಗಳದ ಕರೆಯಂತೆ ಕೇಳಿಸುತ್ತದೆ. ಆದ್ದರಿಂದ ಅದನ್ನು ಕೊಡುವುದನ್ನು ಮುಂದೂಡಲಾಗುತ್ತದೆ. ಕೊಡಲೇಬೇಕಾದಾಗ ಆತುರದಿಂದ, ತಪ್ಪು ವಿಳಾಸಕ್ಕೆ, ಪಡೆದವರಿಗೆ ಅರ್ಥವಾಗದ ಭಾಷೆಯಲ್ಲಿ ಕೊಡಲಾಗುತ್ತದೆ.

ಅರಸೀಕೆರೆಯಿಂದ ಹಾಸನದ ಕಡೆಗೆ ಸಾಗುವ ದಾರಿಯಲ್ಲಿ, 13ನೇ ಶತಮಾನದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳಿಗೂ ಕೋಡಿಮಠಕ್ಕೂ ಹೆಸರಾದ ಹಾರನಹಳ್ಳಿಯಂತಹ ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಮನೆಯೊಂದನ್ನು ಹೊಂದಿ ಬೆಂಗಳೂರಿನಲ್ಲಿ ನೆಲೆಸಿದ ಮಾಲೀಕರೊಬ್ಬರು ಎಂಟು ವರ್ಷಗಳ ಹಿಂದೆ ಬಂಧುವೊಬ್ಬರ ಮೂಲಕ ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ ಎಂದು ಭಾವಿಸೋಣ. ನಿವೃತ್ತಿಯ ನಂತರ ಅವರಿಗೆ ಆ ಮನೆ ಬೇಕು. ದೂರವಾಣಿಯಲ್ಲಿ ಹೇಳಿದ್ದಾಯಿತು, ಹಬ್ಬಕ್ಕೆ ಬಂದಾಗ ಮತ್ತೊಮ್ಮೆ ಹೇಳಿದ್ದಾಯಿತು. ಕೊನೆಗೆ ಬೆಂಗಳೂರಿನ ವಕೀಲರಿಂದ ಮೂರು ಪುಟದ ಇಂಗ್ಲಿಷ್ ನೋಟಿಸು ಹೊರಡುತ್ತದೆ. ಲಕೋಟೆಯ ಮೇಲೆ ಬಾಡಿಗೆದಾರನ ಹೆಸರು, ಕೆಳಗೆ ಹಾರನಹಳ್ಳಿ ಎಂಬ ಊರಿನ ಹೆಸರು, ಅಷ್ಟೇ. ಕರ್ನಾಟಕದಲ್ಲಿ ಹಾರನಹಳ್ಳಿ ಒಂದೇ ಅಲ್ಲ. ಶಿವಮೊಗ್ಗ ತಾಲ್ಲೂಕಿನಲ್ಲಿ ಒಂದಿದೆ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೊಂದಿದೆ. ಹರಪನಹಳ್ಳಿಯೊಂದಿಗೆ ಗೊಂದಲಗೊಳ್ಳುವವರೂ ಉಂಟು. ಇಂತಹ ಗೊಂದಲ ತಪ್ಪಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಪದ್ಧತಿ ಜಾರಿಗೆ ಬಂದಿತು. ಅರ್ಧ ಶತಮಾನ ಕಳೆದ ಮೇಲೂ ಬಾಡಿಗೆ ಕರಾರುಗಳಲ್ಲಿ ಆ ಆರು ಅಂಕಿಗಳಿಗೆ ಸ್ಥಳ ಸಿಗುವುದು ಅಪರೂಪ. ಊರಿನವರಿಗೆಲ್ಲ ಮನೆ ಗೊತ್ತು, ಅಂಚೆಯವರಿಗೂ ಗೊತ್ತು. ನ್ಯಾಯಾಲಯಕ್ಕೆ ಮಾತ್ರ ಗೊತ್ತಿರುವುದಿಲ್ಲ.

ಲಕೋಟೆ ಹಿಂದಿರುಗಿ ಬಂದರೆ ಮಾಲೀಕರ ಆರು ತಿಂಗಳು ವ್ಯರ್ಥ. ಅದು ಯಾರ ಕೈಗೋ ಸೇರಿ ಬಾಡಿಗೆದಾರನಿಗೆ ವಿಷಯವೇ ತಿಳಿಯದಿದ್ದರೆ ಆತನ ಸಂಸಾರ ಒಂದು ದಿನ ನ್ಯಾಯಾಲಯದ ಸಮನ್ಸಿನ ಎದುರು ನಿಂತಿರುತ್ತದೆ. ಎರಡೂ ಕಡೆಯ ನಷ್ಟ ನೈಜವಾದದ್ದು.

ಕಾನೂನು ಈ ವಿಷಯದಲ್ಲಿ ಅಷ್ಟೇನೂ ಕಠಿಣವಾಗಿಲ್ಲವೆಂಬುದನ್ನು ಮೊದಲು ಹೇಳಬೇಕು. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಂದು ಜಾರಿಗೆ ಬಂದು 1961ರ ಬಾಡಿಗೆ ನಿಯಂತ್ರಣ ಅಧಿನಿಯಮದ ಸ್ಥಾನವನ್ನು ಪಡೆಯಿತು. ಅದು ತನ್ನ ಅನುಸೂಚಿಯಲ್ಲಿ ಹೆಸರಿಸಿದ ಪ್ರದೇಶಗಳಿಗೆ ಮಾತ್ರ ಅನ್ವಯಿಸುವಂಥದು. ಆ ಪ್ರದೇಶಗಳಲ್ಲಿಯೂ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಕಟ್ಟಡಗಳನ್ನು ಅದು ಹೊರಗಿಟ್ಟಿತು. ಹೀಗೆ ಹೊರಗುಳಿದ ಊರುಗಳಿಗೂ ಕಟ್ಟಡಗಳಿಗೂ ಇರುವ ಆಧಾರ 1882ರ ಆಸ್ತಿ ವರ್ಗಾವಣೆ ಅಧಿನಿಯಮವೇ. ಅದರ 106ನೇ ಪ್ರಕರಣದ ಪ್ರಕಾರ ಬೇರೆ ಕರಾರು ಇಲ್ಲದಿದ್ದಲ್ಲಿ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದು. ಅದನ್ನು ಮುಕ್ತಾಯಗೊಳಿಸಲು 15 ದಿನಗಳ ನೋಟಿಸು ಸಾಕು. ಕೃಷಿ ಅಥವಾ ತಯಾರಿಕೆಯ ಉದ್ದೇಶದ ಗುತ್ತಿಗೆಗೆ ಮಾತ್ರ ಆರು ತಿಂಗಳು.

ಹಿಂದೆ ಈ 15 ದಿನಗಳು ಬಾಡಿಗೆಯ ತಿಂಗಳು ಮುಗಿಯುವ ದಿನದಂದೇ ಮುಗಿಯಬೇಕಾಗಿತ್ತು. ತಿಂಗಳು 1ರಿಂದ ಆರಂಭವೋ 5ರಿಂದಲೋ ಎಂಬ ಪ್ರಶ್ನೆಯೊಂದರ ಮೇಲೆಯೇ ವರ್ಷಗಟ್ಟಲೆ ನಡೆದ ದಾವೆಗಳು ಬಿದ್ದುಹೋಗುತ್ತಿದ್ದವು. ನೋಟಿಸಿನಲ್ಲಿ ದೋಷ ಹುಡುಕುವ ದೃಷ್ಟಿಯಿಂದ ಅದನ್ನು ಓದಬಾರದೆಂದು ಪ್ರಿವಿ ಕೌನ್ಸಿಲ್ 1918ರಲ್ಲಿಯೇ ಹೇಳಿದ್ದರೂ ದೋಷ ಹುಡುಕುವುದು ಒಂದು ಕಸುಬೇ ಆಗಿತ್ತು. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿಯು ಆ ಷರತ್ತನ್ನು ತೆಗೆದುಹಾಕಿತು. ಅವಧಿಯ ಎಣಿಕೆ ನೋಟಿಸು ತಲುಪಿದ ದಿನದಿಂದ ಆರಂಭವಾಗುತ್ತದೆಂದು ಅದು ಸ್ಪಷ್ಟಪಡಿಸಿತು. ನೋಟಿಸಿನಲ್ಲಿ ಹೇಳಿದ ಅವಧಿ ಕಡಿಮೆಯಿದ್ದರೂ ಕಾನೂನು ವಿಧಿಸಿದ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ಅದೊಂದೇ ಕಾರಣಕ್ಕೆ ನೋಟಿಸು ಅಸಿಂಧುವಾಗದೆಂದೂ ವಿಧಿಸಿತು.

ಈ ತಿದ್ದುಪಡಿಯ ಪರಿಣಾಮವನ್ನು ವ್ಯಾಪಾರಿ ವರ್ಗ ಇನ್ನೂ ಪೂರ್ಣವಾಗಿ ಗ್ರಹಿಸಿದಂತಿಲ್ಲ. ನೋಟಿಸು ಹೇಗೆ ಬರೆಯಬೇಕು ಎಂಬ ಪ್ರಶ್ನೆಯ ಮಹತ್ವ ಕುಗ್ಗಿತು; ಅದು ಯಾವ ದಿನ, ಯಾರ ಕೈಗೆ ತಲುಪಿತು ಎಂಬ ಪ್ರಶ್ನೆಯ ಮಹತ್ವ ಬೆಳೆಯಿತು. ಆದರೂ ಹಣ ಮತ್ತು ಶ್ರಮ ಇಂದಿಗೂ ಒಕ್ಕಣೆಗೇ ಸಲ್ಲುತ್ತಿದೆ.

ತಲುಪಿಸುವ ಕ್ರಮವನ್ನು ಅದೇ ಪ್ರಕರಣ ಹೇಳಿದೆ. ನೋಟಿಸು ಲಿಖಿತವಾಗಿರಬೇಕು, ಕೊಡುವವರು ಅಥವಾ ಅವರ ಪರವಾಗಿ ಬೇರೊಬ್ಬರು ರುಜು ಮಾಡಿರಬೇಕು. ಅದನ್ನು ಅಂಚೆಯ ಮೂಲಕ ಕಳುಹಿಸಬಹುದು, ಖುದ್ದಾಗಿ ಕೊಡಬಹುದು, ಇಲ್ಲವೇ ಆ ವ್ಯಕ್ತಿಯ ವಾಸಸ್ಥಳದಲ್ಲಿ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು. ಹೀಗೆ ಕೊಡುವುದು ಕಾರ್ಯಸಾಧ್ಯವಾಗದಿದ್ದಲ್ಲಿ ಮಾತ್ರ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಅಂಟಿಸುವುದು ಕೊನೆಯ ಮಾರ್ಗವೇ ಹೊರತು ಮೊದಲನೆಯದಲ್ಲ. ಹತ್ತು ಮನೆಗಳ ಬೀದಿಯಲ್ಲಿ ಬಾಗಿಲಿಗೆ ಅಂಟಿದ ಕಾಗದ ಮಾಡುವ ಅವಮಾನ ದೊಡ್ಡದು, ಕಾನೂನಿನಲ್ಲಿ ಅದರಿಂದಾಗುವ ಲಾಭ ಅನುಮಾನಾಸ್ಪದವಾದದ್ದು. ಅಂಚೆಯ ಲಕೋಟೆ ಮರಳಿ ಬಂದ ದಾಖಲೆ ಕೈಯಲ್ಲಿದ್ದಾಗ, ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಛಾಯಾಚಿತ್ರ ಸಹಿತ ಅಂಟಿಸಿದರೆ ಅದಕ್ಕೊಂದು ಬೆಲೆ.

ನಿರಾಕರಿಸಿದರೆ ನೋಟಿಸಿನಿಂದ ಪಾರಾಗಬಹುದೆಂಬ ಭ್ರಮೆ ಬಾಡಿಗೆದಾರರಲ್ಲಿ ವ್ಯಾಪಕವಾಗಿದೆ. ನೋಂದಾಯಿತ ಲಕೋಟೆಯನ್ನು ನಿರಾಕರಿಸಿದವನಿಗೆ ಅದರೊಳಗಿನ ವಿಷಯ ತಿಳಿದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ಹರಚರಣ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಆದರೆ ಈ ಭಾವನೆ ಖಂಡಿಸಲಾಗದ್ದೇನಲ್ಲ. ಅಂಚೆಯವರು ತನ್ನ ಬಳಿಗೆ ಬರಲೇ ಇಲ್ಲವೆಂದು ಬಾಡಿಗೆದಾರ ಪ್ರಮಾಣ ಮಾಡಿ ಹೇಳಿದರೆ ನ್ಯಾಯಾಲಯ ಅದನ್ನೂ ತೂಗಿ ನೋಡುತ್ತದೆ. ವಿಳಾಸ ಸರಿಯಾಗಿಲ್ಲದಿದ್ದರಂತೂ ಆ ಭಾವನೆ ಹುಟ್ಟುವುದೇ ಇಲ್ಲ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಪ್ರಕರಣ ಕೇಳುವುದು ಮೂರು ಸಂಗತಿಗಳನ್ನು: ವಿಳಾಸ ಸರಿಯಿರಬೇಕು, ಅಂಚೆ ವೆಚ್ಚ ಮೊದಲೇ ಸಂದಾಯವಾಗಿರಬೇಕು, ನೋಂದಾಯಿತ ಅಂಚೆಯಲ್ಲಿ ಹಾಕಿರಬೇಕು.

ಈ ಮೂರನೆಯ ಸಂಗತಿಯಲ್ಲಿ ಈಗೊಂದು ಹೊಸ ತೊಡಕು ಸೇರಿದೆ. ಭಾರತೀಯ ಅಂಚೆ ಇಲಾಖೆ ದೇಶದೊಳಗಿನ ನೋಂದಾಯಿತ ಅಂಚೆ ಸೇವೆಯನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಸೇವೆಯಲ್ಲಿ ವಿಲೀನಗೊಳಿಸಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ನೋಂದಣಿಯು ಸ್ಪೀಡ್ ಪೋಸ್ಟಿಗೆ ಐದು ರೂಪಾಯಿ ಹಾಗೂ ತೆರಿಗೆ ಸೇರಿಸಿ ಪಡೆಯಬೇಕಾದ ಪ್ರತ್ಯೇಕ ಸೌಲಭ್ಯವಾಗಿದೆ. ಈ ಸೌಲಭ್ಯ ಪಡೆದ ಲಕೋಟೆಯನ್ನು ವಿಳಾಸದಾರನಿಗೆ ಅಥವಾ ಆತ ಅಧಿಕಾರ ಕೊಟ್ಟವನಿಗೆ ಮಾತ್ರ ಬಟವಾಡೆ ಮಾಡುತ್ತಾರೆ. ಸಾಮಾನ್ಯ ಸ್ಪೀಡ್ ಪೋಸ್ಟ್ ಆದರೋ ವಿಳಾಸಕ್ಕೆ ತಲುಪುವಂಥದು. ಆ ಮನೆಯಲ್ಲಿದ್ದ ಯಾರಾದರೂ ಅದನ್ನು ಪಡೆಯಬಹುದು. 106ನೇ ಪ್ರಕರಣ ಕೇವಲ ಅಂಚೆ ಎನ್ನುತ್ತದೆ, 27ನೇ ಪ್ರಕರಣ ನೋಂದಾಯಿತ ಅಂಚೆ ಎನ್ನುತ್ತದೆ. ನೋಂದಣಿಯಿಲ್ಲದ ಸ್ಪೀಡ್ ಪೋಸ್ಟಿನಲ್ಲಿ ಹೋದ ನೋಟಿಸಿನ ಬಗ್ಗೆ ಎದುರು ಪಕ್ಷದ ವಕೀಲರು ತಕರಾರು ಎತ್ತಿದರೆ ಆಶ್ಚರ್ಯವಿಲ್ಲ. ಸಾವಿರಾರು ರೂಪಾಯಿ ಶುಲ್ಕ ತೆತ್ತು ಬರೆಸಿದ ನೋಟಿಸಿಗೆ ಐದು ರೂಪಾಯಿ ಉಳಿಸುವುದು ಲೆಕ್ಕ ಬಲ್ಲವರ ಕೆಲಸವಲ್ಲ. ರಸೀತಿಯನ್ನೂ ಅಂತರ್ಜಾಲದಲ್ಲಿ ಕಾಣುವ ಬಟವಾಡೆ ವಿವರದ ಮುದ್ರಿತ ಪ್ರತಿಯನ್ನೂ ಅಂದೇ ತೆಗೆದಿರಿಸಬೇಕು.

ವಾಟ್ಸಾಪ್ ಸಂದೇಶವೇ ಸಾಕೆಂಬ ಅಭಿಪ್ರಾಯವೂ ಕೇಳಿಬರುತ್ತಿದೆ. ಕೋವಿಡ್ ಕಾಲದಲ್ಲಿ, 2020ರ ಜುಲೈ ತಿಂಗಳಲ್ಲಿ, ಸರ್ವೋಚ್ಚ ನ್ಯಾಯಾಲಯವು ಸಮನ್ಸು ಮತ್ತು ನೋಟಿಸುಗಳನ್ನು ಇ-ಮೇಲ್ ಹಾಗೂ ಅಂತಹ ಸಂದೇಶ ಸೇವೆಗಳ ಮೂಲಕ ಕಳುಹಿಸಲು ಅವಕಾಶ ಕೊಟ್ಟಿದ್ದು ನಿಜ. ಆದರೆ ಅದು ಆ ಸಂಕಟಕಾಲದ ವ್ಯವಸ್ಥೆ. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಪೊಲೀಸರು ಹಾಜರಾತಿಯ ನೋಟಿಸನ್ನು ವಾಟ್ಸಾಪ್ ಮೂಲಕ ಕೊಡುವುದು ಕಾನೂನು ಹೇಳಿದ ಕ್ರಮಕ್ಕೆ ಬದಲಿಯಾಗಲಾರದೆಂದು ಹೇಳಿತು. ಆ ಮಾತು ಕ್ರಿಮಿನಲ್ ಪ್ರಕ್ರಿಯೆಗೆ ಸಂಬಂಧಿಸಿದ್ದು, ಬಾಡಿಗೆಗೆ ನೇರವಾಗಿ ಅನ್ವಯಿಸುವಂಥದಲ್ಲ. ಆದರೂ ಗಾಳಿ ಬೀಸುವ ದಿಕ್ಕು ಅದರಿಂದ ತಿಳಿಯುತ್ತದೆ. ಅಂಚೆಯ ಜೊತೆಗೆ ವಾಟ್ಸಾಪ್ ಇರಲಿ, ಅಂಚೆಯ ಬದಲಿಗೆ ಬೇಡ.

ಭಾಷೆಯ ವಿಷಯವನ್ನು ಕಡೆಗಣಿಸುವಂತಿಲ್ಲ. ಬಾಡಿಗೆ ನೋಟಿಸು ಇಂಗ್ಲಿಷಿನಲ್ಲಿರಬೇಕೆಂದು 106ನೇ ಪ್ರಕರಣ ಎಲ್ಲಿಯೂ ಹೇಳಿಲ್ಲ. ವಕೀಲರೇ ಕೊಡಬೇಕೆಂದೂ ಹೇಳಿಲ್ಲ. ಕನ್ನಡದಲ್ಲಿ ಅರ್ಧ ಪುಟದಲ್ಲಿ ಮನೆಯ ಗುರುತು, ಬಾಡಿಗೆಯ ಮೊತ್ತ, ಇಂಥ ದಿನದೊಳಗೆ ತೆರವು ಮಾಡಬೇಕೆಂಬ ಮಾತು ಮತ್ತು ರುಜು ಇದ್ದರೆ ಅದು ಪೂರ್ಣವಾದ ನೋಟಿಸೇ. ಓದಿ ಅರ್ಥವಾದ ನೋಟಿಸಿಗೆ ಉತ್ತರ ಬರುವ ಸಾಧ್ಯತೆ ಹೆಚ್ಚು, ಉತ್ತರ ಬಂದರೆ ರಾಜಿಗೂ ದಾರಿ ತೆರೆಯುತ್ತದೆ. ಅರ್ಥವಾಗದ ಮೂರು ಪುಟವನ್ನು ಕೈಯಲ್ಲಿ ಹಿಡಿದ ಸಂಸಾರ ಭಯದಿಂದ ಬಾಗಿಲು ಮುಚ್ಚಿಕೊಳ್ಳುವುದು ಸಹಜ.

ಮೂಲ ಬಾಡಿಗೆದಾರ ತೀರಿಕೊಂಡು ಮಕ್ಕಳು ಮನೆಯಲ್ಲಿ ಮುಂದುವರಿದಿರುವ ಸಂದರ್ಭಗಳು ಸಣ್ಣ ಊರುಗಳಲ್ಲಿ ವಿರಳವಲ್ಲ. ಅಂತಹ ವಾರಸುದಾರರು ಜಂಟಿ ಬಾಡಿಗೆದಾರರೆಂದೂ ಅವರಲ್ಲೊಬ್ಬರಿಗೆ ಕೊಟ್ಟ ನೋಟಿಸು ಸಾಕೆಂದೂ 1989ರ ಎಚ್.ಸಿ. ಪಾಂಡೆ ಪ್ರಕರಣದಲ್ಲಿ ತೀರ್ಮಾನವಾಗಿದೆ. ಇನ್ನು ನೋಟಿಸು ಕೊಟ್ಟ ಮೇಲೆ ಬಂದ ಬಾಡಿಗೆಯನ್ನು ಪಡೆದರೆ ನೋಟಿಸು ರದ್ದಾಗುವುದೆಂಬ ಅಂಜಿಕೆ ಮಾಲೀಕರಲ್ಲಿದೆ. ಹಣ ಪಡೆದ ಮಾತ್ರಕ್ಕೆ ಹಾಗಾಗದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಸರೂಪ್ ಸಿಂಗ್ ಗುಪ್ತ ಪ್ರಕರಣದಲ್ಲಿ ಹೇಳಿದೆ. ಆದರೂ ಯುಪಿಐ ಮೂಲಕ ತಾನಾಗಿಯೇ ಖಾತೆಗೆ ಬೀಳುವ ಹಣದ ಬಗ್ಗೆ, ನೋಟಿಸಿಗೆ ಧಕ್ಕೆಯಾಗದಂತೆ ಸ್ವೀಕರಿಸಲಾಗಿದೆ ಎಂಬ ಒಂದು ಸಾಲಿನ ಪತ್ರ ಬರೆದಿಡುವುದು ಒಳ್ಳೆಯದು. ಕೊಬ್ಬರಿ ಗೋದಾಮು, ಹಿಟ್ಟಿನ ಗಿರಣಿ ಮುಂತಾದವನ್ನು ಬಾಡಿಗೆಗೆ ಪಡೆದ ಸದಸ್ಯರು ಗಮನಿಸಬೇಕಾದ ಅಂಶವೊಂದಿದೆ: ತಯಾರಿಕೆಯ ಉದ್ದೇಶಕ್ಕಾದರೂ ನೋಂದಾಯಿತ ಪತ್ರವಿಲ್ಲದಿದ್ದರೆ ಆರು ತಿಂಗಳ ನೋಟಿಸಿನ ರಕ್ಷಣೆ ಸಿಗದು, 15 ದಿನಗಳೇ ಗತಿ ಎಂಬುದು 2001ರ ಸಮೀರ್ ಮುಖರ್ಜಿ ಪ್ರಕರಣದ ತೀರ್ಪು.

ನೋಟಿಸು ಮಾಲೀಕನ ಕೈಯ ಅಸ್ತ್ರ ಮಾತ್ರವೆಂಬ ತಿಳಿವಳಿಕೆಯೂ ತಪ್ಪು. ಸೂರು ಸೋರುತ್ತಿದೆ, ರಿಪೇರಿ ಮಾಡಿಸಬೇಕಾದದ್ದು ಮಾಲೀಕರ ಹೊಣೆ ಎಂಬಲ್ಲಿ ಬಾಡಿಗೆದಾರನು ನೋಟಿಸು ಕೊಟ್ಟು, ಸಾಕಷ್ಟು ಕಾಲ ಕಾದು, ಆಮೇಲೂ ಕೆಲಸವಾಗದಿದ್ದರೆ ತಾನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು 108ನೇ ಪ್ರಕರಣ ಅವಕಾಶ ಕೊಡುತ್ತದೆ. ನೋಟಿಸಿಲ್ಲದೆ ಬಾಡಿಗೆ ಹಿಡಿದಿಟ್ಟುಕೊಂಡರೆ ಅದು ಬಾಕಿ. ನೋಟಿಸು ಕೊಟ್ಟು ಕಳೆದುಕೊಂಡರೆ ಅದು ಹಕ್ಕು. ಮನೆ ಬಿಡುವವರು 15 ದಿನ ಮುಂಚೆ ಬರೆದು ತಿಳಿಸಿ, ಬೀಗದ ಕೈ ಒಪ್ಪಿಸಿದ ದಿನಕ್ಕೆ ರುಜು ಪಡೆದಿದ್ದರೆ ಮುಂಗಡದ ಬಗೆಗಿನ ಅರ್ಧ ಜಗಳಗಳು ಹುಟ್ಟುವುದಿಲ್ಲ. 1999ರ ಅಧಿನಿಯಮದ ವ್ಯಾಪ್ತಿಗೆ ಬರುವ ಮನೆಗಳಲ್ಲಿ ಬಾಕಿಯ ಕಾರಣಕ್ಕೆ ತೆರವು ಕೋರಬೇಕಾದರೆ ತಗಾದೆಯ ನೋಟಿಸು ತಲುಪಿದ ಮೇಲೆ ಎರಡು ತಿಂಗಳ ಕಾಲಾವಕಾಶವಿದೆ. ಆ ಲಕೋಟೆಯನ್ನು ತೆರೆದು ಓದಿದವನಿಗೆ ಮನೆ ಉಳಿಸಿಕೊಳ್ಳಲು ಅರವತ್ತು ದಿನ ಸಿಗುತ್ತದೆ. ನಿರಾಕರಿಸಿದವನು ಅದೇ ದಿನಗಳನ್ನು ಸುಮ್ಮನೆ ಕಳೆಯುತ್ತಾನೆ. ನೋಟಿಸಿನ ಗೊಡವೆಯೇ ಬೇಡವೆಂದು ವಿದ್ಯುತ್ ಕಡಿತಗೊಳಿಸುವ, ಬೀಗ ಬದಲಾಯಿಸುವ ಮಾಲೀಕರ ವಿರುದ್ಧ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣವಿದೆ. ಅದರ ಪ್ರಕಾರ ಹೊರದಬ್ಬಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಮಾಲೀಕತ್ವದ ಪ್ರಶ್ನೆಯೇ ಏಳದು.

ಹನ್ನೊಂದು ತಿಂಗಳ ಕರಾರುಗಳನ್ನು ಛಾಪಾ ಕಾಗದದ ಮೇಲೆ ಬರೆಸುವಾಗ ಹಳೆಯ ನಮೂನೆಯನ್ನೇ ನಕಲು ಮಾಡುವುದು ರೂಢಿ. ಆ ನಮೂನೆಯಲ್ಲಿ ನೋಟಿಸುಗಳನ್ನು ಎ.ಡಿ. ಸಹಿತ ನೋಂದಾಯಿತ ಅಂಚೆಯ ಮೂಲಕ ಕಳುಹಿಸತಕ್ಕದ್ದು ಎಂಬ ಸಾಲು ಇದ್ದೇ ಇರುತ್ತದೆ. 2025ರ ಸೆಪ್ಟೆಂಬರಿನ ನಂತರ ಆ ಹೆಸರಿನ ಪ್ರತ್ಯೇಕ ಸೇವೆ ಉಳಿದಿಲ್ಲ. ಮುಂದಿನ ನವೀಕರಣದ ವೇಳೆ ಆ ಸಾಲನ್ನು ನೋಂದಣಿ ಸಹಿತ ಸ್ಪೀಡ್ ಪೋಸ್ಟ್ ಎಂದು ತಿದ್ದಿ, ಅದರ ಕೆಳಗೆ ಎರಡೂ ಪಕ್ಷದವರ ಪಂಚಾಯತಿ ಮನೆ ಸಂಖ್ಯೆ, ಬೀದಿ, ಅಂಚೆ, ತಾಲ್ಲೂಕು, ಪಿನ್ ಕೋಡ್ ಬರೆಸಬೇಕು. ವಿಳಾಸ ಬದಲಾದರೆ ಬರೆದು ತಿಳಿಸುವವರೆಗೆ ಹಳೆಯ ವಿಳಾಸಕ್ಕೆ ಕಳುಹಿಸಿದ್ದೇ ಸಿಂಧುವೆಂಬ ಮಾತನ್ನೂ ಸೇರಿಸಬೇಕು. ವಾಣಿಜ್ಯ ಸಂಸ್ಥೆಗಳು ಇಂತಹ ಒಂದು ಕನ್ನಡ ನಮೂನೆಯನ್ನು ಸಿದ್ಧಪಡಿಸಿ, ತಾಲ್ಲೂಕು ಕೇಂದ್ರಗಳ ಪತ್ರಬರಹಗಾರರಿಗೂ ಬೆರಳಚ್ಚು ಅಂಗಡಿಗಳಿಗೂ ಹಂಚಿದರೆ ಅದಕ್ಕೆ ತಗಲುವ ವೆಚ್ಚ ಮುದ್ರಣದ್ದು ಮಾತ್ರ.