ಗರುಡನಿಗೆ ಕೈಮುಗಿಯುವವರು

ನಾನು ಹನೂರು ಕಡೆಯ ಶಾಲೆಯೊಂದರಲ್ಲಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಸತ್ತ ಹಕ್ಕಿಯೊಂದನ್ನು ರೆಕ್ಕೆ ಹಿಡಿದು ತಂದ. ಕ್ಯಾಟರ್‌ಬಿಲ್ಲಿನ ಕಲ್ಲು ಕಣ್ಣಿನ ಪಕ್ಕಕ್ಕೆ ಬಿದ್ದಿತ್ತು. "ಕೋಳಿಮರಿ ಕದಿಯೋ ಹದ್ದು, ಮಿಸ್" ಎಂದ. ಪಕ್ಕದಲ್ಲಿದ್ದ ಮೇಷ್ಟ್ರು "ಭೇಷ್" ಎಂದರು. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ, ಆ ಭೇಷಿನ ಮೇಲೆ.

ಅದು ಹದ್ದಲ್ಲ, ಸರ್ಪಗರುಡ. ಅರಿಶಿನ ಬಳಿದಂತಿದ್ದ ಮುಖ, ಹಿಂದಲೆಯಲ್ಲಿ ಕಪ್ಪು ಬಿಳುಪಿನ ಜುಟ್ಟು, ಹೊಟ್ಟೆಯ ಮೇಲೆ ಬಿಳಿ ಚುಕ್ಕೆ, ಗರಿಯಿಲ್ಲದ ಒರಟು ಹಳದಿ ಕಾಲು. ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಬಿಸಿಲೇರಿದ ಮೇಲೆ ತಲೆಯೆತ್ತಿ ನಿಂತರೆ ಇದರ ಸಿಳ್ಳೆ ಕೇಳುತ್ತದೆ. ಚಾಚಿದ ರೆಕ್ಕೆಯಡಿ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಮರದ ಕೊಂಬೆಯಲ್ಲಿ ಗಂಟೆಗಟ್ಟಲೆ ಅಲುಗದೆ ಕೂತು, ನೆಲದ ಮೇಲೆ ಹರಿಯುವ ಹಾವು, ಓತಿಕ್ಯಾತಗಳ ಮೇಲೆ ಎರಗುವುದು ಇದರ ಕಸುಬು. ಕಪ್ಪೆ, ಇಲಿಯೂ ಆದೀತು. ಅಪರೂಪಕ್ಕೆ ಕೋಳಿಮರಿ ಹೊತ್ತಿರಲಾರದೆಂದು ನಾನು ಪ್ರಮಾಣ ಮಾಡಲಾರೆ. ಆದರೆ ನಮ್ಮ ಅಂಗಳದ ಮರಿಗಳಿಗೆ ಸುತ್ತು ಹಾಕುವ ಕಂದು ಹದ್ದಿನ ಅಪರಾಧಕ್ಕೆ ಇದಕ್ಕೇಕೆ ಶಿಕ್ಷೆ?

ಇನ್ನೊಂದು ತಮಾಷೆ ನೋಡಿ. ಬಿಳಿ ಕತ್ತಿನ ಕೆಂಪು ಗರುಡ ಆಕಾಶದಲ್ಲಿ ಕಂಡರೆ ಕೆನ್ನೆ ಬಡಿದುಕೊಂಡು ಕೈಮುಗಿಯುತ್ತೇವೆ. ಅದು ಹೆಚ್ಚಾಗಿ ಬದುಕುವುದು ಕೆರೆಯ ಮೀನು, ಏಡಿ, ಸತ್ತದ್ದನ್ನು ತಿಂದು. ಪುರಾಣದ ಗರುಡನ ಹಾಗೆ ನಿಜವಾಗಿ ಹಾವು ಹಿಡಿಯುವವನಿಗೆ ಮಾತ್ರ ಕಲ್ಲು! ರಂಗನಾಥಸ್ವಾಮಿಯ ವಾಹನದ ಮೇಲೆ ನಮಗಿರುವ ಭಕ್ತಿ ಇಷ್ಟೆ.

ಕಾನೂನಿಲ್ಲವೇ? 1972ರ ವನ್ಯಜೀವಿ ಕಾಯ್ದೆ ಇದೆ. ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶ. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡೂ ಅಭಯಾರಣ್ಯವಾಯಿತು. ಅಲ್ಲಿಂದೀಚೆಗೆ ಎಲ್ಲರ ಬಾಯಲ್ಲೂ ಹುಲಿ, ಜೀಪು, ಫೋಟೊ. ಈ ಹಕ್ಕಿಗೆ ಇಲಾಖೆಯ ಬೋರ್ಡು ಓದಲು ಬರುವುದಿಲ್ಲ. ಹಳ್ಳದ ದಡದ ಎತ್ತರದ ಮರ ಕಂಡರೆ ಗೂಡು ಕಟ್ಟುತ್ತದೆ, ಅದು ಕಾಡಿನ ಒಳಗಿರಲಿ, ಅಂಚಿನಲ್ಲಿರಲಿ. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಐದು ವಾರಕ್ಕೂ ಹೆಚ್ಚು ಕಾವು, ಆಮೇಲೆ ಮರಿಯ ತಿಂಗಳುಗಟ್ಟಲೆಯ ಆರೈಕೆ. ಕೋಳಿಯ ಹಾಗೆ ಹತ್ತು ಮರಿಯ ಲೆಕ್ಕ ಇಲ್ಲಿಲ್ಲ. ಒಂದು ಕಲ್ಲಿಗೆ ಒಂದು ಸಂಸಾರದ ಆ ವರ್ಷವೇ ಹೋಯಿತು.

"ಹಾವೂ ಬದುಕಬೇಕಲ್ಲ ಮೇಡಂ" ಎಂದು ಆ ಮೇಷ್ಟ್ರು ನಕ್ಕರು. ಸರಿ, ಬದುಕಲಿ. ಹಾವು ಕಂಡಾಗ ದೊಣ್ಣೆ ಹುಡುಕುವವರೂ ಅವರೇ!

ಹುಡುಗನನ್ನು ನಾನು ಬೈಯಲಿಲ್ಲ. ಇಬ್ಬರೂ ಸೇರಿ ಶಾಲೆಯ ಹಿಂದೆ ಗುಂಡಿ ತೋಡಿದೆವು. ಮಣ್ಣು ಮುಚ್ಚುವಾಗ ಅವನು ಕೇಳಿದ: "ಇದರ ಹೆಸರು ನಮ್ ಪಾಠದಲ್ಲಿ ಯಾಕಿಲ್ಲ ಮಿಸ್?"

ಜೂನ್ 5ಕ್ಕೆ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವ ನನ್ನ ಸಹೋದ್ಯೋಗಿಗಳು ಅವನಿಗೆ ಉತ್ತರ ಕೊಡಲಿ. ಹಾಗೆಯೇ, ಹಳ್ಳದ ದಡದಲ್ಲಿ ಉಳಿದಿರುವ ಹೊಳೆಮತ್ತಿಗಳನ್ನು ಸೌದೆಯ ಲೆಕ್ಕದಲ್ಲಿ ನೋಡುವ ನಮ್ಮ ಪಂಚಾಯಿತಿಯವರೂ.