ಅಲಾರಂ ಹೊಡೆದರೆ ಮಾತ್ರೆ ನುಂಗಿದ ಹಾಗಾಯ್ತಾ?

ನೀರು ಕುಡಿಯೋಕೆ ಒಂದು ಆ್ಯಪ್, ನಡೆಯೋಕೆ ಇನ್ನೊಂದು, ಮಲಗೋಕೆ ಮತ್ತೊಂದು. ಫೋನ್ ನೆನಪಿಸಿದರೆ ಅರ್ಧ ಕೆಲಸ ಆದ ಹಾಗೆ ಅಂತ ನಾವೆಲ್ಲ ನಂಬಿದ್ದೇವೆ. ಈ ನಂಬಿಕೆಯನ್ನು ಒರೆಗೆ ಹಚ್ಚಿದ ಒಂದು ಸಂಶೋಧನೆ ನಮ್ಮ ದಕ್ಷಿಣ ಭಾರತದಲ್ಲೇ ನಡೆದಿದೆ, ಅದೂ ಎಚ್‌ಐವಿ ಚಿಕಿತ್ಸೆಯ ವಿಚಾರದಲ್ಲಿ.

ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. 2017ರಿಂದ ಪಾಸಿಟಿವ್ ಬಂದ ಎಲ್ಲರಿಗೂ ಚಿಕಿತ್ಸೆ ಉಂಟು, ರೋಗ ಬಲಿಯುವವರೆಗೆ ಕಾಯಬೇಕಿಲ್ಲ. ಷರತ್ತು ಒಂದೇ: ದಿನಾ, ತಪ್ಪದೆ, ಬದುಕಿರೋವರೆಗೆ ನುಂಗಬೇಕು. ಆಗಾಗ ಬಿಟ್ಟರೆ ವೈರಸ್ ಮತ್ತೆ ತಲೆ ಎತ್ತುತ್ತೆ, ಔಷಧಿಗೇ ಬಗ್ಗದ ಹಾಗೆ ಬದಲಾಗಲೂಬಹುದು.

ಹಾಗಾದ್ರೆ ಫೋನ್‌ನಲ್ಲಿ ನೆನಪಿಸಿದರೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ಹೊಸದಾಗಿ ಚಿಕಿತ್ಸೆ ಶುರು ಮಾಡಿದ 631 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದಕ್ಕೆ ಅದರ ಜೊತೆ ವಾರಕ್ಕೊಮ್ಮೆ ರೆಕಾರ್ಡ್ ಮಾಡಿದ ದನಿಯ ಕರೆ, ಒಂದು ಚಿತ್ರಸಂದೇಶ. 96 ವಾರ ಗಮನಿಸಿದರು. 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ.

ಸ್ವಾರಸ್ಯ ಅಂದ್ರೆ ಕೀನ್ಯಾದಲ್ಲಿ ಇಂಥದೇ ಪ್ರಯೋಗ ಗೆದ್ದಿತ್ತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾರಕ್ಕೊಂದು ಮೆಸೇಜ್ ಹೋಗೋದು, ಹೇಗಿದ್ದೀರಿ ಅಂತ. ಸಮಸ್ಯೆ ಇದೆ ಅಂತ ಉತ್ತರ ಬಂದರೆ, ಅಥವಾ ಉತ್ತರವೇ ಬರದಿದ್ದರೆ, ಆಸ್ಪತ್ರೆಯವರೇ ಫೋನ್ ಮಾಡಿ ಮಾತಾಡೋರು. ನನಗೆ ಅನ್ನಿಸೋದು ಇಷ್ಟು: ಅಲ್ಲಿ ಫೋನಿನ ಆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದ. ಮಾತ್ರೆ ತಪ್ಪೋದು ಮರೆವಿನಿಂದ ಮಾತ್ರ ಅಲ್ಲ. ಯಾರಾದರೂ ನೋಡಿಬಿಟ್ಟರೆ ಅನ್ನೋ ಭಯವೂ ಕಾರಣ. ಆ ಭಯಕ್ಕೆ ಅಲಾರಂ ಮದ್ದಲ್ಲ.

ಕೃಷ್ಣರಾಜಪೇಟೆಯ ನಮಗೆ ಈ ಭಯ ಗೊತ್ತಿಲ್ಲದ್ದೇನಲ್ಲ. 2020ರ ಮೇ ತಿಂಗಳಲ್ಲಿ ಮುಂಬೈನಿಂದ ವಾಪಸ್ ಬಂದ ನಮ್ಮ ತಾಲ್ಲೂಕಿನ ಜನ ಕ್ವಾರಂಟೈನ್‌ನಲ್ಲಿದ್ದಾಗ, ನಿನ್ನೆವರೆಗೆ ಹೆಸರಿದ್ದವರು ಬೆಳಗಾಗೋದರೊಳಗೆ ಬರೀ 'ಕೇಸ್' ಆಗಿಬಿಟ್ಟಿದ್ದರು. ಕೋವಿಡ್‌ನ ಆ ನೋಟ ಕೆಲವು ವಾರಕ್ಕೆ ಮುಗೀತು. ಎಚ್‌ಐವಿ ಇರುವವರಿಗೆ ಅದು ಮುಗಿಯೋದೇ ಇಲ್ಲ. ಹತ್ತಿರದಲ್ಲೇ ಔಷಧಿ ಸಿಕ್ಕರೂ ಗುರುತಿನವರು ಕಾಣದ ದೂರದ ಊರಿಗೆ ಬಸ್ ಹತ್ತುವವರಿದ್ದಾರೆ. ಡಬ್ಬಿಯ ಚೀಟಿ ಕಿತ್ತು ಇಟ್ಟುಕೊಳ್ಳುವವರಿದ್ದಾರೆ.

ಇದರ ಮೇಲೆ ಕ್ಷಯ ಬಂದರಂತೂ ಕಷ್ಟ ಇಮ್ಮಡಿ. ಎಚ್‌ಐವಿ ಇರುವವರ ಜೀವ ತೆಗೆಯುವ ಸೋಂಕುಗಳಲ್ಲಿ ಟಿಬಿಯೇ ಮೊದಲನೆಯದು. ಅದನ್ನು ತಡೆಯೋಕೆ 6 ತಿಂಗಳ ಐಸೋನಿಯಾಜಿಡ್ ಮಾತ್ರೆ ಇದೆ. ವಾರಕ್ಕೊಮ್ಮೆಯಂತೆ 12 ವಾರ ತಗೊಳ್ಳುವ ವಿಧಾನವೂ ಬಂದಿದೆ. ಆದರೆ ಟಿಬಿಗೆ ಕೊಡುವ ರಿಫಾಂಪಿಸಿನ್, ಎಚ್‌ಐವಿಯ ಡೊಲುಟೆಗ್ರಾವಿರ್ ರಕ್ತದಲ್ಲಿ ನಿಲ್ಲದ ಹಾಗೆ ಮಾಡುತ್ತೆ. ಹಾಗಾಗಿ ದಿನಕ್ಕೊಮ್ಮೆ ಇದ್ದ ಡೊಲುಟೆಗ್ರಾವಿರ್ ಆಗ ಎರಡು ಸಲ. ವೈದ್ಯರಿಗೆ ಅದೊಂದು ಡೋಸ್ ಲೆಕ್ಕ. ಪಿಜಿಯಲ್ಲಿ ಮೂವರ ಜೊತೆ ರೂಮ್ ಹಂಚಿಕೊಂಡಿರುವ ಹುಡುಗನಿಗೆ, ಬಚ್ಚಿಡಬೇಕಾದ ಇನ್ನೊಂದು ಹೊತ್ತು.

ವಿಜ್ಞಾನ ತನ್ನ ಪಾಲಿನದನ್ನು ಬಹಳ ಮಟ್ಟಿಗೆ ಮಾಡಿದೆ. ತಪ್ಪದೆ ಮಾತ್ರೆ ತಗೊಂಡು, ರಕ್ತಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ಒಟ್ಟಿಗೆ ಊಟ, ಒಂದೇ ರೂಮು, ಒಂದೇ ಬಾತ್‌ರೂಮಿನಿಂದ ಮೊದಲೂ ಹರಡುತ್ತಿರಲಿಲ್ಲ. ಕಾನೂನೂ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಪ್ರಕಾರ ಕೆಲಸ ಕೊಡೋಕೆ ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ.

ಉಳಿದಿದ್ದು ನಮ್ಮ ಪಾಲು, ಅದು ದೊಡ್ಡದೇನಲ್ಲ. ರೂಮ್‌ಮೇಟ್ ಮಾತ್ರೆ ನುಂಗಿದರೆ 'ಏನದು, ಯಾಕೆ' ಅಂತ ಕೆದಕಬೇಡಿ. ಟೀಮಿನಲ್ಲಿ ಒಬ್ಬರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಅಂತ ರಜೆ ಕೇಳಿದರೆ ಯಾವ ಕಾಯಿಲೆ ಅಂತ ಕೇಳದೆ ಕೊಡಿ. ನಿಮಗೇ ಅನುಮಾನ ಇದ್ದರೆ 1097ಕ್ಕೆ ಕರೆ ಮಾಡಿ, ದುಡ್ಡು ಬೇಕಿಲ್ಲ. ಅಲ್ಲಿ ಮಾತಾಡೋಕೆ ಮನುಷ್ಯರೇ ಇರ್ತಾರೆ.