ಹಳೆಯ ಗಣಕಯಂತ್ರ, ಹೊಸ ವಂತಿಗೆ

ಬಳ್ಳಾರಿಯ ನಮ್ಮ ಕಛೇರಿಯ ಕಂಪ್ಯೂಟರ್ 2014ರಲ್ಲಿ ಕೊಂಡದ್ದು. ಬೆಳಿಗ್ಗೆ ಗುಂಡಿ ಒತ್ತಿ ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅದು ಕಣ್ಣು ಬಿಟ್ಟಿರುವುದಿಲ್ಲ. ಅದನ್ನು ಮೂಲೆಗೆ ಹಾಕಿ ಸುಮಾರು 40,000 ರೂಪಾಯಿಗೆ ಹೊಸದನ್ನು ತರಬೇಕೆಂದೂ, ಅದಕ್ಕಾಗಿ ಸಿರುಗುಪ್ಪ, ಕುರುಗೋಡು ಶಾಖೆಗಳಿಂದ ವಿಶೇಷ ವಂತಿಗೆ ಎತ್ತಬೇಕೆಂದೂ ಕೆಲವು ಸಂಗಾತಿಗಳು ಸೂಚಿಸಿದ್ದಾರೆ. ಭತ್ತದ ನಾಟಿ ಹಚ್ಚುವವರಿಂದ, ಮೆಣಸಿನಕಾಯಿ ಬಿಡಿಸುವವರಿಂದ ಹಣ ಕೇಳುವ ಮೊದಲು, ಈ ಖರ್ಚು ಅಗತ್ಯವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಈ ಯಂತ್ರ ನಿರುಪಯುಕ್ತವೆಂದು ತೀರ್ಪು ಕೊಟ್ಟವರು ಯಾರು? ಮೈಕ್ರೋಸಾಫ್ಟ್ ಕಂಪನಿಯು 2015ರಲ್ಲಿ ಹೊರತಂದ ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯಿರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ನಮ್ಮದರಲ್ಲಿ ಎರಡೂ ಇಲ್ಲ. ಯಂತ್ರ ಕೆಟ್ಟಿಲ್ಲ, ಕಂಪನಿಯ ಪಟ್ಟಿಯಿಂದ ಅದರ ಹೆಸರು ಹೋಗಿದೆ, ಅಷ್ಟೆ.

ಹಾಗೆಂದು ಇದ್ದಂತೆಯೇ ಇರಲಿ ಎನ್ನುವುದೂ ತಪ್ಪು. ಸದಸ್ಯರ ಹೆಸರು, ಫೋನ್ ನಂಬರು, ಚಂದಾ ಲೆಕ್ಕ ಎಲ್ಲವೂ ಅದರಲ್ಲಿವೆ. ಭದ್ರತೆಯ ತಿದ್ದುಪಡಿಗಳು ಬಾರದ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಿಡುವುದು ಚಿಲಕವಿಲ್ಲದ ಮನೆಯಲ್ಲಿ ಸಂಘದ ಪೆಟ್ಟಿಗೆ ಇಟ್ಟಂತೆ.

ಸಿರುಗುಪ್ಪದ ರೈತನು ಪಂಪ್‌ಸೆಟ್ಟಿನ ವೈಂಡಿಂಗ್ ಸುಟ್ಟರೆ ವೈಂಡಿಂಗ್ ಮಾಡಿಸುತ್ತಾನೆ, ಪಂಪ್‌ಸೆಟ್ಟನ್ನೇ ಎಸೆಯುವುದಿಲ್ಲ. ನಮ್ಮ ಕಂಪ್ಯೂಟರಿನ ನಿಧಾನಕ್ಕೆ ಮುಖ್ಯ ಕಾರಣ ಅದರ ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗಬೇಕು, ಮುಳ್ಳು ಹುಡುಕಬೇಕು. ಅಲ್ಲಿಯವರೆಗೆ ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಹಾಕಿ, 4 ಜಿ.ಬಿ. ರ‍್ಯಾಮನ್ನು 8ಕ್ಕೆ ಏರಿಸಿದರೆ ಟೈಪಿಂಗ್, ರಸೀದಿ, ಪಹಣಿ ತೆಗೆಯುವುದು, ಅರ್ಜಿ ತುಂಬುವುದು ಇವೆಲ್ಲ ಸಲೀಸಾಗಿ ನಡೆಯುತ್ತವೆ. ನಮಗೆ ಬಂದ ಅಂದಾಜು 5,000 ರೂಪಾಯಿಯ ಆಸುಪಾಸು. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದು 2025ರ ಕೊನೆಯಿಂದ ಅವುಗಳ ಬೆಲೆ ಏರಿದೆ. ಆದುದರಿಂದ ಈ ಕೆಲಸವನ್ನು ಮುಂದೂಡುವುದೂ ಜಾಣತನವಲ್ಲ.

ವಿಂಡೋಸಿನ ಬದಲು ಲಿನಕ್ಸ್ ಹಾಕಬಹುದು. 1991ರಲ್ಲಿ ಲೀನುಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದನ್ನು ಸಾವಿರಾರು ಜನ ಸೇರಿ ಬೆಳೆಸಿದ್ದಾರೆ. ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಇಂಥ ಮುಕ್ತ ತಂತ್ರಾಂಶದಲ್ಲೇ ಪಾಠ ಹೇಳುತ್ತಿವೆ. ಜನರ ಸಮಷ್ಟಿ ದುಡಿಮೆಯ ಫಲವನ್ನು ಸಮಾಜವಾದಿಗಳ ಕಛೇರಿಯೇ ಬಳಸದಿದ್ದರೆ ಇನ್ನಾರು ಬಳಸಬೇಕು?

ತೊಡಕೂ ಉಂಟು, ಮುಚ್ಚಿಡಬಾರದು. ಪತ್ರಿಕೆಯ ಹಳೆಯ ಪುಟಗಳು ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿವೆ. ಅವನ್ನು ಯೂನಿಕೋಡಿಗೆ ತಿರುಗಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಆದರೆ ಕೈ ಪಳಗಿದ ಅದೇ ಕೀಲಿಮಣೆ ಲಿನಕ್ಸಿನಲ್ಲೂ ದೊರೆಯುತ್ತದೆ. ಎಲ್ಲ ಕಡತಗಳ ಪ್ರತಿಯನ್ನು ಮೊದಲು ಬೇರೆ ಕಡೆ ತೆಗೆದಿಡುವುದು ಕಡ್ಡಾಯ.

ರಿಪೇರಿಗೂ ಒಂದು ಮಿತಿ ಇರಲಿ. ದುರಸ್ತಿಯ ವೆಚ್ಚ ಹೊಸದರ ಬೆಲೆಯ ಮೂರರಲ್ಲೊಂದು ಪಾಲು ಮೀರಿದರೆ, ಅಥವಾ ಮದರ್ ಬೋರ್ಡೇ ಹೋದರೆ, ಹಳೆಯದಕ್ಕೆ ಮತ್ತೆ ಹಣ ಸುರಿಯಬಾರದು. ಹಟ ಹಿಡಿದು ಉಳಿಸಿಕೊಳ್ಳುವುದು ಮಿತವ್ಯಯವಲ್ಲ.

ಜನರ ಕೈಗೆಟಕುವ ಚಿಕ್ಕ ಯಂತ್ರ ಬೇಕೆಂದು ಡಾ. ಲೋಹಿಯಾ 1952ರಲ್ಲಿ ಪಚಮಢಿಯ ಅಧಿವೇಶನದಲ್ಲಿ ವಾದಿಸಿದರು. ಯಂತ್ರ ನಮಗಾಗಿಯೋ, ನಾವು ಯಂತ್ರ ಮಾರುವವರಿಗಾಗಿಯೋ ಎಂಬ ಪ್ರಶ್ನೆ ಇಂದು ನಮ್ಮ ಮೇಜಿನ ಮೇಲೆಯೇ ಕೂತಿದೆ. ವಿಶೇಷ ವಂತಿಗೆ ಬೇಡ. ಕಛೇರಿಯ ನಿಧಿಯಿಂದಲೇ 5,000 ರೂಪಾಯಿ ಸಾಕು ಎಂಬುದು ನನ್ನ ಅಭಿಪ್ರಾಯ. ಒಪ್ಪದ ಸಂಗಾತಿಗಳು ಮುಂದಿನ ಸಭೆಯಲ್ಲಿ ಲೆಕ್ಕ ಮುಂದಿಟ್ಟು ಮಾತಾಡಲಿ.